ಎಲ್ಲಾದಕ್ಕೂ ಹೆಡ್ ಗ್ಯಾಸ್ಕೆಟ್ಟೇನ್ರಿ?

ಪುಣೆದಾಗ ಹಳೆ ಗಾಡಿ ಗರಂ ಆತಂದ್ರ ಮುಗೀತು. ಬಾನೆಟ್ ಪೂರಾ ಎತ್ತಿರಂಗಿಲ್ಲ, ಮೆಕ್ಯಾನಿಕ್ ತೀರ್ಪು ಕೊಟ್ಟಬಿಡ್ತಾನ: "ಹೆಡ್ ಗ್ಯಾಸ್ಕೆಟ್ ಗೆಲಂಯ್ ಸಾಹೇಬ್." ಅಂದ್ರ ಇಂಜಿನ್ನಿನ ಹೆಡ್ಡು, ಬ್ಲಾಕಿನ ನಡುವ ನೀರು-ಆಯಿಲ್ ಸೋರದಂಗ ಕುಂತಿರೂ ಪದರ ಹೋಗೇದ ಅಂತ.

ನಮ್ಮದು ಹಳೆ ಡೀಸೆಲ್ ಪಿಕಪ್. ಮಾರ್ಕೆಟ್ ಯಾರ್ಡಿನಿಂದ ಸಾತಾರಾಕ್ಕ ಮಾಲು ಹೊಡೀತೀವಿ. ಹೈವೇದಾಗ ಓಡಿಸಿದ್ರ ಟೆಂಪರೇಚರ್ ಮುಳ್ಳು ಅರ್ಧಕ್ಕ ನಿಂತಿರ್ತದ. ಖಂಬಾಟಕಿ ಘಾಟಿನ್ಯಾಗ ಲೋಡ್ ಹೊತ್ತು ಸೆಕೆಂಡ್ ಗೇರಿಗೆ ಬಂತೋ, ಸೀದಾ ಕೆಂಪಿಗೆ. ಕಾತ್ರಜ್ ಟ್ರಾಫಿಕ್ಕಿನ್ಯಾಗೂ ಹಂಗ. ಇಷ್ಟು ಬಿಡಿಸಿ ಹೇಳಿದ ಮ್ಯಾಲೂ ಗಾಳಿ ಸಾಲವಲ್ದು ಅಂತ ತಲಿಗೆ ಹೋಗಬಾರದೇನ್ರಿ? ಓಡೂ ಮುಂದ ಎದುರಗಾಳಿ ರೇಡಿಯೇಟರ್ ತಣಸ್ತದ, ಸಾವಕಾಶ ಹೊಂಟಾಗ ಆ ಕೆಲಸ ಫ್ಯಾನಿಂದು.

ಒಬ್ಬಾಂವ ಥರ್ಮೋಸ್ಟ್ಯಾಟ್ ವಾಲ್ ಕಿತ್ತ ಒಗದ. "ನಮ್ಮ ಬಿಸಲಿಗೆ ಇದು ಬ್ಯಾಡ" ಅಂತ. ಇಂಜಿನ್ ಕಾಯೂತನಾ ನೀರು ತಡದು, ಸುಮಾರು 80 ಡಿಗ್ರಿ ದಾಟಿದ ಮ್ಯಾಲ ಬಿಡೂ ವಾಲ್ ಅದು. ಈಗ ಮುಂಜಾನೆ ಇಂಜಿನ್ ಲಗೂ ಕಾಯಂಗಿಲ್ಲ, ಡೀಸೆಲ್ ಜಾಸ್ತಿ ಕುಡೀತದ, ಘಾಟಿನ್ಯಾಗ ಮಾತ್ರ ಅದ ಹಾಡು. ಅವನ ಕೈಕೆಳಗಿನ ಹುಡುಗ ಇನ್ನೂ ಶಾಣ್ಯಾ. ಕುದಿಯೂ ರೇಡಿಯೇಟರ್ ಕ್ಯಾಪಿಗೆ ಹಸಿ ಅರಿವಿ ಹಾಕಿ ತಿರುವಾಕ ಹೊಂಟಿದ್ದ! ಪ್ರೆಶರಿನ್ಯಾಗ ನೂರು ಡಿಗ್ರಿ ಮ್ಯಾಲಿದ್ರೂ ಸುಮ್ನಿರೂ ನೀರು, ಕ್ಯಾಪ್ ಬಿಚ್ಚಿದ ಕೂಡ್ಲೆ ಮಾರಿಗೆ ಹಾರ್ತದ. ಕೈ ಹಿಡದು ಜಗ್ಗಿದೆ.

ಇನ್ನೊಬ್ಬಾಂವ ಹೆಡ್ಡ ಬಿಚ್ಚಿದ. ಗ್ಯಾಸ್ಕೆಟ್ ಹೋದ ಗುರುತು ಒಂದೂ ಇರಲಿಲ್ಲ: ಆಯಿಲ್ ಹಾಲಿನ ಚಹಾದಂಗ ಬೆಳ್ಳಗಾಗಿರಲಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗಿ ಇರಲಿಲ್ಲ, ರೇಡಿಯೇಟರಿನ್ಯಾಗ ಗುಳ್ಳಿ ಏಳ್ತಿರಲಿಲ್ಲ. ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ಬಿಚ್ಚಿ ನೋಡಿದ್ರ ಗ್ಯಾಸ್ಕೆಟ್ ಛಲೋ ಇತ್ತು. ಮತ್ತ ಅಂದದ್ದೇನ್ ಗೊತ್ತೇನು? "ಜುನಿ ಗಾಡಿ, ವಿಕೂನ್ ಟಾಕಾ." ಹಳೆ ಗಾಡಿ, ಮಾರಿಬಿಡ್ರಿ ಅಂತ. ಮಾರಿದ್ರ ನನ್ನ ಮನಿ ಇವನು ನಡಸ್ತಾನೇನು?

ಕಡೀಕ ಲಾರಿ ಹೊಡ್ಯೂ ನಮ್ಮ ಅಳಿಯ ಬಂದ. ಗರಂ ಇಂಜಿನ್ ಬಂದ್ ಮಾಡಿಸಿ, ಫ್ಯಾನಿನ ರೆಕ್ಕಿಗೆ ಬೆರಳಿಂದ ಒಂದು ತಟ್ಟಿದ. ಬಿಗಿಯಾಗಿ ನಿಲ್ಲಬೇಕಾದ್ದು ಗರಗರ ತಿರಗಾಕತ್ತು. ಫ್ಯಾನಿನ ನಡಬರಕ, ಹಬ್ ಸುತ್ತ, ಎಣ್ಣಿ ಜಿನುಗಿ ಧೂಳು ಕರ್ರಗ ಮೆತ್ತಿತ್ತು.

"ಮಾವಾ, ವಿಸ್ಕಸ್ ಕ್ಲಚ್ ಸತ್ತದ." ಗರಂ ಆದಾಗ ಒಳಗಿನ ಎಣ್ಣಿಯಿಂದ ಫ್ಯಾನ್ ಬಿಗಿ ಹಿಡದು ಜೋರ ತಿರಗಸೂ ಕ್ಲಚ್ ಅದು.

ಅದನ್ನ ಬದಲಿ ಮಾಡಿಸಿದ ಮ್ಯಾಲ ಘಾಟ್ ಹತ್ತಿದ್ರೂ ಮುಳ್ಳು ಅರ್ಧ ದಾಟವಲ್ದು. ಬೆರಳ ತುದೀಲೆ ಆಗೂ ತಪಾಸಣಿ, ಅಂಗಡಿ ಇಟಗೊಂಡು ಕುಂತಾವರಿಗೆ ಆಗಲಿಲ್ಲ.

ಹೆಡ್ಡ ಬಿಚ್ಚಿದ್ದಕ್ಕ ಮಜೂರಿ ಕೊಟ್ಟೀನಿ, ಕೂಡಿಸಿದ್ದಕ್ಕೂ ಕೊಟ್ಟೀನಿ. ನಿನ್ನೆ ವಾಲ್ ಕಿತ್ತಾವನ ಕಡೆ ಹೋಗಿ ನನ್ನ ವಾಲ್ ಕೊಡಪಾ ಅಂದ್ರ ಗುಜರಿಗೆ ಹೋತಂತ. ಹೊಸಾ ವಾಲಿನ ರೊಕ್ಕ ಯಾರ ಕೊಡಾವರು?