ಅಯೋಡಿನ್ ಕರಗುತ್ತದೆ: ಉತ್ಪತನದ ಬಗ್ಗೆ ಸ್ಪಷ್ಟನೆ

‘ಅಯೋಡಿನ್, ಕರ್ಪೂರ, ನ್ಯಾಫ್ತಲೀನ್ ಕಾಯಿಸಿದರೆ ದ್ರವವಾಗುವುದೇ ಇಲ್ಲ’ ಎಂಬ ಮಾತು ಹಲವು ನೋಟ್ಸ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಸಾಮಾನ್ಯ ವಾತಾವರಣದ ಒತ್ತಡದಲ್ಲೇ ನ್ಯಾಫ್ತಲೀನ್ ಸುಮಾರು 80, ಅಯೋಡಿನ್ 114, ಕರ್ಪೂರ 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಕರಗುವ ಮೊದಲೇ ಘನದ ಮೇಲ್ಮೈಯಿಂದ ಆವಿ ಏಳುತ್ತದಲ್ಲ, ಅದು ಉತ್ಪತನ.

ಪ್ರನಾಳದಲ್ಲಿರುವ ಅಯೋಡಿನ್‌ಗೆ ನೇರ ಜ್ವಾಲೆ ಹಿಡಿದರೆ ದಟ್ಟ ನೇರಳೆ ಆವಿ ತುಂಬಿಕೊಂಡು ತಳದ ಕಪ್ಪು ದ್ರವವನ್ನು ಮರೆಮಾಡುತ್ತದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. ಉತ್ಪತನವನ್ನಷ್ಟೇ ತೋರಿಸಬೇಕೆಂದರೆ ಪ್ರನಾಳವನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ: ನೀರು 100 ಡಿಗ್ರಿ ದಾಟದು, ಅಯೋಡಿನ್ ಕರಗದು. ನ್ಯಾಫ್ತಲೀನ್‌ಗೆ ಮಾತ್ರ ಕುದಿನೀರು ಹೆಚ್ಚಾಯಿತು, ಅದು ಸುಮಾರು 80 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಅಯೋಡಿನ್ ಆವಿ ಕಣ್ಣು, ಗಂಟಲು ಉರಿಸುತ್ತದೆ. ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಪ್ರಯೋಗಾಲಯದ ಪೆಟ್ಟಿಗೆ) ಒಳಗೇ ಮಾಡಿ.

ಸಾಮಾನ್ಯ ವಾತಾವರಣದ ಒತ್ತಡದಲ್ಲಿ ನಿಜವಾಗಿಯೂ ದ್ರವವಾಗದ್ದು ಡ್ರೈ ಐಸ್, ಅಂದರೆ ಘನ ಕಾರ್ಬನ್ ಡೈಆಕ್ಸೈಡ್. ಅದು ದ್ರವವಾಗಲು ವಾತಾವರಣದ ಕನಿಷ್ಠ 5.1 ಪಟ್ಟು ಒತ್ತಡ ಬೇಕು.