ಎನ್‌ಕ್ರುಮಾರ ಘಾನಾ: ಆದರ್ಶವೇ ಭ್ರಷ್ಟತೆಗೆ ದಾರಿ ಮಾಡಿತೆ?

ಪರ

ಬ್ರಿಟಿಷರ ಸೆರೆಮನೆಯಿಂದ ಹೊರಬಂದು ಅಧಿಕಾರಕ್ಕೇರಿದ ಘಾನಾದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ, 1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾದ ಮರುವರ್ಷವೇ, ಯಾರನ್ನೇ ಆಗಲಿ ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಬಂಧನದಲ್ಲಿಡಬಹುದಾದ ಕಾಯಿದೆಯನ್ನು ತಂದರು. ದೇಶ ಕಟ್ಟುವ ಕೆಲಸಕ್ಕೆ ವಿರೋಧ ಪಕ್ಷ ಅಡ್ಡಗಾಲು ಎಂಬ ಅವರ ನಂಬಿಕೆ ಪ್ರಾಮಾಣಿಕವಾಗಿತ್ತೆಂದೇ ಇಟ್ಟುಕೊಳ್ಳೋಣ. ಅದರ ಲಾಭ ಉಂಡವರು ಮಾತ್ರ ಬೇರೆಯವರು. ಲೆಕ್ಕ ಕೇಳಬೇಕಾದವರು ಜೈಲಿನಲ್ಲೋ ಪರದೇಶದಲ್ಲೋ ಇದ್ದಾಗ, ಸರ್ಕಾರಿ ಗುತ್ತಿಗೆಗಳಲ್ಲಿ ಪಕ್ಷಕ್ಕೆ ಸಂದ ಪಾಲೆಷ್ಟೆಂದು ಕೇಳುವವರೇ ಉಳಿಯಲಿಲ್ಲ.

ಎನ್‌ಕ್ರುಮಾರಿಗೆ ಇದು ತಿಳಿಯದೇ ಇರಲಿಲ್ಲ. 1961ರ ಏಪ್ರಿಲ್ 8ರ ನಸುಕಿನಲ್ಲಿ ರೇಡಿಯೊದಲ್ಲಿ ಮಾತನಾಡಿ ತಮ್ಮದೇ ಪಕ್ಷದವರ ಹಣದಾಸೆಯನ್ನು ಖಂಡಿಸಿದರು. ಅದೇ ವರ್ಷ ಪಕ್ಷದ ಮುಖಂಡರ ಆಸ್ತಿಗೆ ಮಿತಿಯನ್ನೂ ಹಾಕಿದರು. ಮರುವರ್ಷ, ಮಂತ್ರಿ ಕ್ರೋಬೊ ಎಡುಸೆಯವರ ಪತ್ನಿ ಲಂಡನ್ನಿನಲ್ಲಿ ಸುಮಾರು 3,000 ಪೌಂಡ್ ಕೊಟ್ಟು ಚಿನ್ನದ ಲೇಪದ ಮಂಚ ಕೊಂಡ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಹುದ್ದೆ ಬಿಡಬೇಕಾಗಿ ಬಂದ ಎಡುಸೆ ಮುಂದೆ ಮಂತ್ರಿಯಾಗಿಯೇ ಮರಳಿದರು. ಆದರೆ 1948ರಲ್ಲಿ ಬ್ರಿಟಿಷರು ಎನ್‌ಕ್ರುಮಾರೊಡನೆಯೇ ಬಂಧಿಸಿದ್ದ, ಮುಂದೆ ವಿರೋಧ ಪಕ್ಷದ ನಾಯಕರಾದ ಜೆ. ಬಿ. ದಾಂಕ್ವಾ, 1965ರಲ್ಲಿ ಸ್ವತಂತ್ರ ಘಾನಾದ ಎನ್ಸವಾಮ್ ಜೈಲಿನಲ್ಲಿ ತೀರಿಕೊಂಡರು. ಮಂಚ ಕೊಂಡವರಿಗೆ ಸಿಕ್ಕ ಕ್ಷಮೆ ಭಿನ್ನಾಭಿಪ್ರಾಯ ಹೇಳಿದವರಿಗೆ ಸಿಗಲಿಲ್ಲ.

ವಿರೋಧ

ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ? ಘಾನಾದ ಜೇನು ಕೋಕೊ, ಅದರ ಗೂಡನ್ನು ಕಟ್ಟಿದವರು ಬ್ರಿಟಿಷರು. 1947ರಲ್ಲಿ ಅವರು ಸ್ಥಾಪಿಸಿದ ಕೋಕೊ ಮಾರುಕಟ್ಟೆ ಮಂಡಳಿ ರೈತನಿಗೆ ತಾನೇ ಗೊತ್ತುಮಾಡಿದ ಬೆಲೆ ಕೊಟ್ಟು, ಹೊರದೇಶದಲ್ಲಿ ಮಾರಿ ಬಂದ ಹೆಚ್ಚುವರಿಯನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಿತ್ತು. ಬೆಳೆದವನ ಕೈಗೆ ಸಿಗದ ಇಂಥ ಹಣದ ರಾಶಿ ಯಾರ ವಶದಲ್ಲಿದ್ದರೂ ಕೈಹಾಕುವವರು ಹುಟ್ಟಿಕೊಳ್ಳುತ್ತಾರೆ. ಮಂಡಳಿಯ ಅಂಗವಾಗಿದ್ದ ಕೋಕೊ ಖರೀದಿ ಕಂಪನಿಯ ಸಾಲಗಳು ಪಕ್ಷದ ಅನುಕೂಲಕ್ಕೆ ಬಳಕೆಯಾದದ್ದನ್ನು ಜಿಬೊವು ತನಿಖಾ ಆಯೋಗ ಬಯಲಿಗೆಳೆದದ್ದು 1956ರಲ್ಲಿ, ಅಂದರೆ ಸ್ವಾತಂತ್ರ್ಯಕ್ಕೂ ಮುನ್ನ, ಎನ್‌ಕ್ರುಮಾ ಏಕಪಕ್ಷ ವ್ಯವಸ್ಥೆ ತಂದದ್ದಕ್ಕೆ ಎಂಟು ವರ್ಷ ಮೊದಲು.

ಆದರ್ಶವೇ ರೋಗದ ಮೂಲವಾಗಿದ್ದರೆ, ಅದು ತೊಲಗಿದ ಮೇಲೆ ರೋಗ ಇಳಿಯಬೇಕಿತ್ತು. 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ಹನೋಯ್‌ಗೆ ಹೊರಟಿದ್ದಾಗ, ಸೈನ್ಯ ಮತ್ತು ಪೊಲೀಸರು ಅವರನ್ನು ಪದಚ್ಯುತಗೊಳಿಸಿದರು. 1972ರಲ್ಲಿ ಅಧಿಕಾರ ಹಿಡಿದ ಸೇನಾಧಿಕಾರಿ ಅಚಾಂಪಾಂಗರ ಕಾಲದಲ್ಲಿ ಆಮದು ಪರವಾನಗಿಗಳು ಆಪ್ತರ ಪಾಲಾಗಿ, ಕಾಳಸಂತೆ ಎಷ್ಟು ಬೆಳೆಯಿತೆಂದರೆ ಜನ ಅದಕ್ಕೆ ‘ಕಲಬುಲೆ’ ಎಂಬ ಹೆಸರನ್ನೇ ಬಳಸತೊಡಗಿದರು. ಆ ಸರ್ಕಾರವನ್ನು ಆದರ್ಶದ ಅತಿರೇಕಕ್ಕಾಗಿ ಯಾರೂ ದೂರಲಾರರು.

1961ರ ಶಿಕ್ಷಣ ಕಾಯಿದೆಯ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣ, ತೇಮಾ ಬಂದರು, 1966ರ ಸೈನಿಕ ಕ್ರಾಂತಿಗೆ ತಿಂಗಳ ಮೊದಲು ಉದ್ಘಾಟನೆಯಾದ ಅಕೊಸೊಂಬೊ ಅಣೆಕಟ್ಟು: ಇವೂ ಅದೇ ಆದರ್ಶದ ಖಾತೆಗೇ ಸೇರಬೇಕು. ದಾಂಕ್ವಾರ ಸಾವಿಗೆ ಮಾತ್ರ ಈ ವಾದದಲ್ಲಿ ಉತ್ತರವಿಲ್ಲ.