ಹೆಣ್ಣು ನೋಡೋಕೆ ಹೊರಟ ರೋಮನ್ನರು

ನಮ್ಮ ಸೋದರಮಾವ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕನ್ನಡವನ್ನು ರೋಮನ್ ಅಕ್ಷರದಲ್ಲೇ ಬರೆಯುವುದು. ಅದನ್ನಾದರೂ ಸಹಿಸಬಹುದು. ಆದರೆ ಒಂದೇ ಅಕ್ಷರವನ್ನು ಎರಡು ಸಲ ಒತ್ತುವುದೆಂದರೆ ಅವರ ಪ್ರಕಾರ ದುಂದುವೆಚ್ಚ. ಬೆಲೆ, ಬೆಳೆ, ಬೇಳೆ ಎಲ್ಲಕ್ಕೂ ಒಂದೇ ಸ್ಪೆಲ್ಲಿಂಗು. ಸಂದರ್ಭ ನೋಡಿಕೊಂಡು ನಾವೇ ಬೇಯಿಸಿಕೊಳ್ಳಬೇಕು.

ಮೊನ್ನೆ ನಮ್ಮಣ್ಣನಿಗೆ ಒಂದು ಸಂಬಂಧ ಬಂತು. ಮಾವನ ಮೆಸೇಜೂ ಬಂತು. ಹೆಣ್ಣು ನೋಡೋಕೆ ಭಾನುವಾರ ಹೋಗೋಣ ಅಂತ ಅವರ ಮನಸ್ಸಿನಲ್ಲಿ. ಒತ್ತಿದ್ದು ಮಾತ್ರ ಎಚ್, ಇ, ಎನ್, ಯು. 'ಭಾನುವಾರ ಹೇನು ನೋಡೋಕೆ ಹೋಗೋಣ' ಅಂತ ಎಲ್ಲರೂ ಓದಿಕೊಂಡೆವು.

'ಯಾರ ತಲೇಲಿ ಅಣ್ಣಾ?' ಅಂದರು ಚಿಕ್ಕಮ್ಮ.

'ತಮಾಷೆ ಬೇಡ. ಒಳ್ಳೆ ಮನೆತನದ್ದು' ಅಂತ ಮಾವ.

'ಬಣ್ಣ ಹೇಗೆ?' ಇದು ದೊಡ್ಡಮ್ಮ. ಪಾಪ, ನಿಜವಾಗಿಯೇ ಕೇಳಿದ್ದು.

'ಗೋಧಿ ಬಣ್ಣ. ಬಿ.ಇ. ಓದಿದೆ. ಬೆಂಗಳೂರಲ್ಲಿ ಕೆಲಸ.'

'ಹಾಗಾದ್ರೆ ಸೀರಣಿಗೆ ನಾನು ತರ್ತೀನಿ' ಅಂದರು ಚಿಕ್ಕಪ್ಪ. ಮಾವ ಸಿಟ್ಟಾಗಿ ಗ್ರೂಪ್ ಬಿಟ್ಟರು. ಅವರನ್ನು ಮತ್ತೆ ಸೇರಿಸೋದು, ಸಮಾಧಾನ ಮಾಡೋದು, ಎಲ್ಲ ನನ್ನ ತಲೆಗೆ ಬಂತು.

ಇದಕ್ಕೆ ರೋಮನ್ನರನ್ನು ಬೈದು ಏನು ಪ್ರಯೋಜನ? ಅವರ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲಕ್ಕೆ ಅವರ ಹತ್ತಿರ ಇದ್ದದ್ದೇ 23 ಅಕ್ಷರ. 'ಜೆ' ಇಲ್ಲ, 'ಡಬ್ಲ್ಯೂ' ಇಲ್ಲ, 'ಯು'ಗೂ 'ವಿ'ಗೂ ಒಂದೇ ಆಕಾರ. ಅವರ ಲ್ಯಾಟಿನ್‌ಗೆ ಅಷ್ಟು ಸಾಕಿತ್ತು. 49 ಅಕ್ಷರದ ನಮ್ಮ ಸಂಸಾರವನ್ನು ಅದರೊಳಗೆ ತುರುಕಿದ್ದು ನಾವು. ಹೆಸರಿನ ವಿಷಯದಲ್ಲೂ ಅಷ್ಟೇ, ರೋಮ್ ಅನ್ನುವುದು ಕೇಳೋರಿಲ್ಲದ ಆಸ್ತಿ. ಈಗಿನ ಇಸ್ತಾಂಬುಲ್, ಅಂದರೆ ಆಗಿನ ಕಾನ್‌ಸ್ಟಾಂಟಿನೋಪಲ್‌ನವರು ಗ್ರೀಕ್ ಮಾತಾಡಿಕೊಂಡೇ 1453ರವರೆಗೂ ತಾವು ರೋಮನ್ನರು ಅಂತಲೇ ಹೇಳಿಕೊಂಡರು. ಪರ್ಷಿಯನ್ ಕವಿ ರೂಮಿಯ ಹೆಸರಿನಲ್ಲೂ ಇರುವುದು ಅದೇ ರೋಮ್; ಆತ ಬಾಳಿದ, ಈಗಿನ ಟರ್ಕಿಯಲ್ಲಿರುವ ಅನತೋಲಿಯಾವನ್ನು ಆಗ ರೂಮ್ ಅನ್ನುತ್ತಿದ್ದರು. ಜರ್ಮನ್ ದೊರೆಗಳಂತೂ 1806ರವರೆಗೆ 'ಪವಿತ್ರ ರೋಮನ್ ಸಾಮ್ರಾಜ್ಯ'ದ ಬೋರ್ಡು ಇಳಿಸಲಿಲ್ಲ. ಅದು ಪವಿತ್ರವೂ ಅಲ್ಲ, ರೋಮನ್ನೂ ಅಲ್ಲ, ಸಾಮ್ರಾಜ್ಯವೂ ಅಲ್ಲ ಅಂತ ಫ್ರೆಂಚ್ ಲೇಖಕ ವಾಲ್ಟೇರ್ ಕುಟುಕಿದ್ದಾನೆ. ಅವನು ನಮ್ಮ ಗ್ರೂಪಿನಲ್ಲಿ ಇರಬೇಕಿತ್ತು.

ಅಸಲಿ ರೋಮನ್ನರ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ಸಿಕ್ಕಿವೆ. ಅಂದರೆ ಆ ಅಕ್ಷರಗಳು ಇಲ್ಲಿಗೆ ಯಾವತ್ತೋ ಬಂದಿದ್ದವು. ಬಂದು ನಾಣ್ಯದ ಮೇಲೆ ಸುಮ್ನೆ ಕೂತಿದ್ದವು. ಯಾರ ಮದುವೆಗೂ ಅಡ್ಡ ಬಂದಿರಲಿಲ್ಲ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಇದೇ ಮಾವ ಹಿಂದೆ ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ದುಂಡನೆ ಕನ್ನಡ. ಒತ್ತಕ್ಷರಗಳಿಗೆಲ್ಲ ಉದ್ದನೆ ಬಾಲ. ಜಾಗ ಸಾಲದೆ ಅಂಟು ಹಚ್ಚುವ ಅಂಚಿನಲ್ಲೂ 'ಮಕ್ಕಳಿಗೆ ಆಶೀರ್ವಾದ' ಅಂತ ತುರುಕಿರುತ್ತಿದ್ದರು. ಆ ಸಾಲು ಹರಿಯದ ಹಾಗೆ ಅಮ್ಮ ಹೇರ್‌ಪಿನ್ನಿನಿಂದ ಮೆಲ್ಲಗೆ ಬಿಡಿಸುತ್ತಿದ್ದಳು.

ಮಾವನ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಟ್ಟೆ. 'ಒಂದೊಂದಕ್ಷರ ಹುಡುಕೋದ್ರಲ್ಲಿ ಮುಹೂರ್ತ ಮೀರುತ್ತೆ ಕಣೋ' ಅಂತ ತೆಗೆಸಿಬಿಟ್ಟರು.

ಸಂಬಂಧವೇನೋ ಕುದುರಿದೆ. ಲಗ್ನಪತ್ರಿಕೆಯ ಒಕ್ಕಣೆ ಯಾರು ಬರೆಯಬೇಕು ಅಂತ ಮನೆಯಲ್ಲಿ ಇನ್ನೂ ಚರ್ಚೆ ನಡೀತಿದೆ. ಗ್ರೂಪಿನಲ್ಲಿ ನೋಡಿದರೆ ಮಾವ ಆಗಲೇ ಟೈಪ್ ಮಾಡುತ್ತಿದ್ದಾರೆ.